ಮಣ್ಣಿನ ಮನುಷ್ಯನೋ, ರಕ್ತದ ಮನುಷ್ಯನೋ?

ಪಾಸ್ಖ ಜಾಗರಣೆಯ ರಾತ್ರಿ ನಾವು ಕೇಳುವ ಮೊದಲ ವಾಚನ ಆದಿಕಾಂಡದ ಸೃಷ್ಟಿವೃತ್ತಾಂತ. ವಾಚನ ಉದ್ದವಾಯಿತೆಂದು ನಮ್ಮಲ್ಲಿ ಕೆಲವರು ತೂಕಡಿಸುವುದೂ ಉಂಟು! ವಸಂತಕಾಲದ ಹಬ್ಬದಲ್ಲಿ ಸೃಷ್ಟಿಯ ಕಥೆಯನ್ನು ಓದುವವರು ನಾವು ಮಾತ್ರವಲ್ಲ. ಪುರಾತನ ಬಾಬಿಲೋನಿನಲ್ಲಿ ನಿಸಾನ್ ತಿಂಗಳ ಹೊಸವರ್ಷದ ಹಬ್ಬದ ನಾಲ್ಕನೆಯ ದಿನ, ಪೂಜಾರಿಯು ಮಾರ್ದೂಕ್ ದೇವತೆಯ ಮುಂದೆ 'ಎನೂಮ ಎಲಿಶ್' ಎಂಬ ಸೃಷ್ಟಿಪುರಾಣವನ್ನು ಪಠಿಸುತ್ತಿದ್ದನು.

ಏಳು ಜೇಡಿಮಣ್ಣಿನ ಫಲಕಗಳ ಈ ಪುರಾಣ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ನೆಲದಲ್ಲಿ ಹುದುಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ನಿನೆವೆ ನಗರದ ಉತ್ಖನನದಲ್ಲಿ ಅದರ ತುಣುಕುಗಳು ಸಿಕ್ಕವು. ಜಾರ್ಜ್ ಸ್ಮಿತ್ ಎಂಬ ವಿದ್ವಾಂಸರು 1876ರಲ್ಲಿ ಅವುಗಳ ಅನುವಾದವನ್ನು ಪ್ರಕಟಿಸಿದರು. ಬೈಬಲಿನ ಕಥೆಯೂ ಬಾಬಿಲೋನಿನದೇ ನಕಲೇನೋ ಎಂಬ ಗದ್ದಲ ಯೂರೋಪಿನಲ್ಲಿ ಎದ್ದಿತು. ಹೋಲಿಕೆ ಇರುವುದು ನಿಜ. ಎರಡರಲ್ಲೂ ಮೊದಲು ಜಲರಾಶಿ, ಆಮೇಲೆ ಆಕಾಶ, ಕೊನೆಗೆ ಮನುಷ್ಯ.

ಆದರೆ ಮನುಷ್ಯನ ಸೃಷ್ಟಿಗೆ ಬಂದಾಗ ದಾರಿಗಳು ಬೇರೆಯಾಗುತ್ತವೆ. ಬಾಬಿಲೋನಿನ ಪುರಾಣದಲ್ಲಿ ಕಿಂಗು ಎಂಬ ದೇವತೆ ದಂಗೆಯ ಸೇನಾಪತಿ. ಯುದ್ಧದಲ್ಲಿ ಸೋತ ಅವನನ್ನು ಕಟ್ಟಿಹಾಕಿ, ಅಪರಾಧಿಯೆಂದು ತೀರ್ಮಾನಿಸಿ ಕೊಲ್ಲುತ್ತಾರೆ. ಅವನ ರಕ್ತದಿಂದಲೇ ಮನುಷ್ಯನನ್ನು ಮಾಡುತ್ತಾರೆ, ಅದೂ ದೇವತೆಗಳ ಚಾಕರಿಗಾಗಿ. ಅಂದರೆ ಮನುಷ್ಯನು ಕಣ್ಣು ಬಿಡುವ ಮೊದಲೇ ಅವನ ಮೈಯಲ್ಲಿ ದ್ರೋಹಿಯ ರಕ್ತ ಹರಿಯುತ್ತಿದೆ.

ಕ್ರಿ.ಪೂ. 587ರಲ್ಲಿ ಜೆರುಸಲೇಮ್ ನಾಶವಾಗಿ ಸೆರೆಹೋದ ಯೆಹೂದ್ಯರು ಇದೇ ನಾಡಿನಲ್ಲಿ ಬಾಳಿದರು. ಗೆದ್ದವರ ಹಬ್ಬದ ಆಡಂಬರವನ್ನು ಅವರು ಕಂಡಿರಲೇಬೇಕು. ಆದಿಕಾಂಡದ ಮೊದಲ ಅಧ್ಯಾಯ ಈಗಿನ ರೂಪ ತಾಳಿದ್ದು ಆ ಕಾಲದಲ್ಲೇ ಎಂಬುದು ಅನೇಕ ವಿದ್ವಾಂಸರ ಮತ. ಸೋತವರ ಈ ಗ್ರಂಥ ಹೇಳುವುದೇ ಬೇರೆ. ಮನುಷ್ಯನು ಮಣ್ಣಿನಿಂದಾದವನು, ಅವನಲ್ಲಿರುವುದು ದೇವರ ಉಸಿರು, ದೇವರ ಹೋಲಿಕೆ. ಸೃಷ್ಟಿಯೆಲ್ಲವೂ ದೇವರ ಕಣ್ಣಿಗೆ ಬಹು ಒಳ್ಳೆಯದಾಗಿಯೇ ಕಂಡಿತು. ಕೇಡು ಬರುವುದು ಮೂರನೆಯ ಅಧ್ಯಾಯದಲ್ಲಿ, ಮನುಷ್ಯನ ಆಯ್ಕೆಯ ಮೂಲಕ. ದೇವರು ತೋಟಕ್ಕೆ ಬಂದು ಪ್ರಶ್ನೆ ಕೇಳುತ್ತಾರೆ. ರಕ್ತದಲ್ಲೇ ಕೇಡಿದ್ದರೆ ಕೇಳುವುದೇನಿತ್ತು? ಗಂಡು ಹೆಣ್ಣಿನತ್ತ, ಹೆಣ್ಣು ಸರ್ಪದತ್ತ ಬೆರಳು ತೋರುತ್ತಾರೆ. (ಈ ಚಾಳಿ ನಮ್ಮನ್ನು ಇನ್ನೂ ಬಿಟ್ಟಿಲ್ಲ.)

ಹಾಗಾದರೆ ಜನ್ಮಪಾಪ? ಅದು ನಾವು ಮಾಡಿದ ಕೃತ್ಯವಲ್ಲ, ನಾವು ಹುಟ್ಟಿ ಬಂದ ಸ್ಥಿತಿ ಎಂದು 1992ರ ಕಥೋಲಿಕ ಧರ್ಮೋಪದೇಶ ವಿವರಿಸುತ್ತದೆ. ಮಾನವ ಸ್ವಭಾವ ಗಾಯಗೊಂಡಿದೆ, ಪೂರ್ತಿ ಕೊಳೆತಿಲ್ಲ. ದೀಕ್ಷಾಸ್ನಾನವು ಆ ಪಾಪವನ್ನು ತೊಳೆಯುತ್ತದೆ ಎಂದು ಟ್ರೆಂಟ್ ಮಹಾಸಭೆ 1546ರಲ್ಲೇ ಸಾರಿತ್ತು.

ಇಷ್ಟನ್ನು ನಂಬುವ ನಾವೇ ಹೆಣ್ಣು ಕೊಡುವಾಗ, ತರುವಾಗ "ಆ ಮನೆತನದ ರಕ್ತವೇ ಸರಿಯಿಲ್ಲ" ಎನ್ನುತ್ತೇವೆ. ಕುಡುಕನ ಮಗನನ್ನು ಅವನು ಬಾಯಿ ತೆರೆಯುವ ಮೊದಲೇ ತೂಗಿ ನೋಡುತ್ತೇವೆ. ಇದು ಕಿಂಗುವಿನ ಕಥೆಯೇ ಹೊರತು ಆದಿಕಾಂಡದ್ದಲ್ಲ. ಸೆರೆಯಲ್ಲಿದ್ದ ಯೆಹೂದ್ಯರೂ, ಹೆತ್ತವರು ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಗುತ್ತದೆ ಎಂಬ ಗಾದೆಯನ್ನು ಹೇಳಿಕೊಂಡು ಕೈಚೆಲ್ಲಿದ್ದರು. ಆ ಗಾದೆಯನ್ನು ಇನ್ನು ಆಡಕೂಡದೆಂದು ಪ್ರವಾದಿ ಯೆಜೆಕಿಯೇಲನು ಬಾಬಿಲೋನಿನ ನೆಲದಲ್ಲೇ ನಿಂತು ಹೇಳಿದನು. ತಂದೆಯ ದುಷ್ಕೃತ್ಯಗಳನ್ನು ಕಣ್ಣಾರೆ ಕಂಡೂ ಅವನ್ನು ಮಾಡದ ಮಗನು ತಂದೆಯ ಪಾಪಕ್ಕಾಗಿ ಸಾಯುವುದಿಲ್ಲ, ಬದುಕುತ್ತಾನೆ ಎಂಬುದು ಆ ಪ್ರವಾದಿಯ ಹದಿನೆಂಟನೆಯ ಅಧ್ಯಾಯ.