ಮೈಸೂರು ಜಾವಾ ಮತ್ತು ಸಣ್ಣ ಕ್ಲಿಪ್ಪಿನ ಲೆಕ್ಕ

1960ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಜಾವಾ, ಮುಂದೆ ಯೆಜ್ಡಿ ಬೈಕುಗಳನ್ನು ತಯಾರಿಸತೊಡಗಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಈ ಬೈಕುಗಳನ್ನು ಮನೆಯಲ್ಲೇ ಬಿಚ್ಚುವವರು ವಾಷರು, ಕ್ಲಿಪ್ಪುಗಳನ್ನೂ ಜೋಪಾನ ಮಾಡುವುದು ಬಿಡಿಭಾಗ ಸಿಗದ ಭಯದಿಂದ ಎನ್ನುವುದುಂಟು. ಅಭಾವ ಆ ಎಚ್ಚರವನ್ನು ಹೆಚ್ಚಿಸಿತು, ನಿಜ. ಆದರೆ ಅದರ ಬೇರು ಇರುವುದು ಈ ಬೈಕುಗಳ ಟೂ-ಸ್ಟ್ರೋಕ್ ಎಂಜಿನ್ನಿನ ರಚನೆಯಲ್ಲೇ. ಪಿಸ್ಟನ್ ಪಿನ್ನಿನ ಕ್ಲಿಪ್ ಕಳಚಿದರೆ ಸಿಲಿಂಡರಿನ ಗೋಡೆ ಗೀರಿಹೋಗುತ್ತದೆ. ಕಾರ್ಬ್ಯುರೇಟರ್ ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಮೇಲಕ್ಕೆ ಕೂರಿಸಿದರೆ ಪೆಟ್ರೋಲಿನ ಜೊತೆಗೆ ಅದರಲ್ಲಿ ಬೆರೆತ ಆಯಿಲೂ ಕಡಿಮೆಯಾಗಿ ಎಂಜಿನ್ ಕಾಯುತ್ತದೆ.

ಕಾರ್ಖಾನೆ ನಡೆಯುತ್ತಿದ್ದಾಗ ಹೊಸ ಕ್ಲಿಪ್ ಸುಲಭವಾಗಿ ಸಿಗುತ್ತಿತ್ತಲ್ಲ ಎನ್ನಬಹುದು. ಸಿಕ್ಕರೂ ಗೀರುಬಿದ್ದ ಸಿಲಿಂಡರನ್ನು ಅದು ಸರಿಪಡಿಸದು. 2018ರಲ್ಲಿ ಜಾವಾ ಹೆಸರು ಮರಳಿತಾದರೂ ಹೊಸ ಬೈಕಿನದು ಫೋರ್-ಸ್ಟ್ರೋಕ್ ಎಂಜಿನ್; ಹಳೆಯದಕ್ಕೆ ಅದರ ಭಾಗಗಳು ಹೊಂದವು. ಹಾಗಾಗಿ ಈ ಜೋಪಾನವನ್ನು ಬರೀ ಅಭಾವದ ಭಯವೆನ್ನದೆ, ಯಂತ್ರವೇ ಕಲಿಸಿದ ಶಿಸ್ತು ಎನ್ನುವುದು ಸರಿ.