ಎರಡನೇ ಬಹುಮಾನದ ಚರಿತ್ರೆ

ನಂಜನಗೂಡು ತಾಲ್ಲೂಕಿನ ನಮ್ಮ ಹುಲ್ಲಹಳ್ಳಿ ಕಡೆ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆ ಶುರು ಮಾಡಿದರೆ ಬೆಳಗಿನ ಜಾವದವರೆಗೂ ಹಾಡೋರು. ಅಲ್ಲಿ ಫಸ್ಟು, ಸೆಕೆಂಡು ಅಂತ ಇರಲಿಲ್ಲ. ಕೂತ ಜನ ಎದ್ದು ಹೋಗಲಿಲ್ಲ ಅಂದ್ರೆ ಹಾಡಿದವನು ಗೆದ್ದ ಅಂತ ಅರ್ಥ. ಹಾಡಿಗೆ ನಂಬರ್ ಕೊಡೋದು ನಮ್ಮ ಮನೆಗಳಿಗೆ ಬಂದದ್ದು ಟಿವಿಯಿಂದ. ಆದರೆ ದೇಶಮಟ್ಟದ ಗಾಯನ ಸ್ಪರ್ಧೆ ಟಿವಿಗಿಂತ ಹಳೆಯದು.

1956ರಲ್ಲಿ ಆಕಾಶವಾಣಿ ನಡೆಸಿದ ಲಘು ಸಂಗೀತ ಸ್ಪರ್ಧೆಯಲ್ಲಿ ಆಂಧ್ರದ ಒಬ್ಬ ಹುಡುಗಿಗೆ ಎರಡನೇ ಬಹುಮಾನ ಬಂತು. ಕೊಟ್ಟವರು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್. ಆ ಹುಡುಗಿ ಎಸ್. ಜಾನಕಿ. ಮರುವರ್ಷವೇ ಅವರು ಸಿನಿಮಾಗೆ ಹಾಡತೊಡಗಿದರು. ಮುಂದೆ ಅರವತ್ತರ ದಶಕದ ಆರಂಭದಲ್ಲಿ ಗೂಡೂರಿನ ಒಂದು ಸ್ಪರ್ಧೆಗೆ ಜಾನಕಿ ಅತಿಥಿಯಾಗಿ ಹೋದರು. ಅಲ್ಲಿ ಒಬ್ಬ ಹುಡುಗನಿಗೆ ಎರಡನೇ ಸ್ಥಾನ. ಮೊದಲ ಬಹುಮಾನ ಇವನಿಗೇ ಸಲ್ಲಬೇಕಿತ್ತು, ಇವನು ಸಿನಿಮಾಗೆ ಹಾಡಬೇಕು ಅಂತ ಜಾನಕಿ ವೇದಿಕೆಯಲ್ಲೇ ಹೇಳಿಬಿಟ್ಟರಂತೆ. ಆ ಹುಡುಗ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಇಂಜಿನಿಯರಿಂಗ್ ಸೇರಿ, ಅರ್ಧಕ್ಕೇ ಬಿಟ್ಟು, 1966ರಲ್ಲಿ ಸಿನಿಮಾ ಹಾಡುಗಾರರಾದರು. ಈ ಕಥೆಯನ್ನ ಅವರೇ ಎಷ್ಟೋ ವೇದಿಕೆಗಳಲ್ಲಿ ಹೇಳಿಕೊಂಡಿದ್ದಾರೆ.

ಅದೇ ಎಸ್ಪಿಬಿ ಈಟಿವಿ ಕನ್ನಡದಲ್ಲಿ 'ಎದೆ ತುಂಬಿ ಹಾಡುವೆನು' ನಡೆಸಿಕೊಟ್ಟರು. ಸ್ಪರ್ಧೆ ಅನ್ನೋದು ನೆಪ, ನಡೆಯುತ್ತಿದ್ದದ್ದು ಪಾಠ. ಹಾಡು ಬರೆದವರು ಯಾರು, ರಾಗ ಹಾಕಿದವರು ಯಾರು, ಮಗು ಎಲ್ಲಿ ಉಸಿರು ತಪ್ಪಿತು, ಎಲ್ಲವನ್ನೂ ಹೇಳೋರು. ಸೋತ ಮಗುವೂ ಏನೋ ಒಂದು ಕಲಿತು ಮನೆಗೆ ಹೋಗೋದು.

ಅಷ್ಟರಲ್ಲಿ ಇನ್ನೊಂದು ಮಾದರಿ ಬಂತು. ಬ್ರಿಟನ್ನಿನಲ್ಲಿ 2001ರಲ್ಲಿ ಶುರುವಾದ 'ಪಾಪ್ ಐಡಲ್' 2004ರಲ್ಲಿ ಸೋನಿ ಚಾನೆಲ್ಲಿನಲ್ಲಿ 'ಇಂಡಿಯನ್ ಐಡಲ್' ಆಯಿತು. ಇಲ್ಲಿ ಆಗ ಕೊನೆಯ ತೀರ್ಪು ಎಸ್ಸೆಮ್ಮೆಸ್ಸಿನದ್ದಾಗಿತ್ತು. ಕೋಡ್ ಬರೆಯೋ ನನ್ನಂಥವರಿಗೆ ಇದರ ಲಾಜಿಕ್ಕಿನಲ್ಲಿರೋ ತೊಡಕು ತಕ್ಷಣ ಕಾಣುತ್ತೆ. ಒಬ್ಬನಿಗೆ ಒಂದೇ ವೋಟು ಅನ್ನೋ ನಿಯಮ ಇರಲಿಲ್ಲ. ಹಾಗಾಗಿ ಅದು ಎಣಿಸಿದ್ದು ಕೇಳುಗರನ್ನಲ್ಲ, ಮೆಸೇಜುಗಳನ್ನ.

2007ರ ಮೂರನೇ ಆವೃತ್ತಿಯಲ್ಲಿ ಇದು ಎಲ್ಲರಿಗೂ ಕಂಡಿತು. ಫೈನಲ್ಲಿನಲ್ಲಿ ಡಾರ್ಜಿಲಿಂಗ್‌ನ ಪ್ರಶಾಂತ್ ತಮಾಂಗ್, ಶಿಲ್ಲಾಂಗ್‌ನ ಅಮಿತ್ ಪಾಲ್. ಪ್ರಶಾಂತ್ ಕೋಲ್ಕತ್ತ ಪೊಲೀಸ್ ಪೇದೆ. ಗುಡ್ಡಗಾಡಿನ ಗೋರ್ಖಾ ಜನ ಚಂದಾ ಎತ್ತಿ ಮೆಸೇಜ್ ಕಳಿಸಿದರು. ಸೆಪ್ಟೆಂಬರ್ 23ಕ್ಕೆ ಅವರು ಗೆದ್ದರು. ಅವರಿಗಾಗಿ ವೋಟು ಕೂಡಿಸುತ್ತಾ ಜನನಾಯಕರಾದ ಬಿಮಲ್ ಗುರುಂಗ್ ಅಕ್ಟೋಬರ್ 7ಕ್ಕೆ ಗೋರ್ಖಾ ಜನಮುಕ್ತಿ ಮೋರ್ಚಾ ಕಟ್ಟಿದರು. ಅಂದ್ರೆ ಜನ ವೋಟು ಹಾಕಿದ್ದು ಬರೀ ರಾಗಕ್ಕಲ್ಲ, ದೇಶದ ಟಿವಿಯಲ್ಲಿ ಮೊದಲ ಸಲ ಕಂಡ ತಮ್ಮ ಮುಖಕ್ಕೆ. ಅದನ್ನ ತಪ್ಪು ಅನ್ನೋಕೆ ನನಗೆ ಮನಸ್ಸಿಲ್ಲ. ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಊರಿನವರಿಗೆ ಅದರ ಬೆಲೆ ಗೊತ್ತು.

ನಮ್ಮಲ್ಲೂ ಅದೇ ಆಯಿತು. 2019ರಲ್ಲಿ ಜೀ ಕನ್ನಡದ 'ಸರಿಗಮಪ' ಗೆದ್ದವರು ಕೀರ್ತನ್ ಹೊಳ್ಳ. ಎರಡನೆಯವನಾಗಿ ಬಂದವನು ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ. ಸಂಗೀತದ ಮೇಷ್ಟ್ರಿಲ್ಲದೆ, ಕುರಿ ಹಿಂದೆ ನಡೀತಾ ಹಾಡು ಕಲಿತ ಹುಡುಗ ಆ ವೇದಿಕೆಯ ಮೇಲೆ ನಿಂತಾಗ ನಮ್ಮಂಥ ಹಳ್ಳಿಗಳಲ್ಲಿ ಜನ ಬೆನ್ನು ನೇರ ಮಾಡಿ ಕೂತು ನೋಡಿದರು.

ಹಾಗಾಗಿ ವೋಟಿನ ಮೇಲೆ ನನಗೆ ಸಿಟ್ಟಿಲ್ಲ. ಕಳವಳ ಇರೋದು ಬೇರೆ ಕಡೆ. ಎಣಿಕೆ ಮುಗಿದ ರಾತ್ರಿಯೇ ಸೋತವರನ್ನ ಟಿವಿ ಮರೆಯುತ್ತೆ. ಗೂಡೂರಿನಲ್ಲಿ ಎಣಿಕೆ ಮುಗಿದ ಮೇಲೂ ಒಂದು ಕಿವಿ ಎಚ್ಚರವಾಗಿತ್ತು. 2017ರ ಅಕ್ಟೋಬರ್‌ನಲ್ಲಿ ಜಾನಕಿ ತಮ್ಮ ವಿದಾಯದ ಕಛೇರಿಗೆ ಆರಿಸಿಕೊಂಡದ್ದು ನಮ್ಮ ಮೈಸೂರನ್ನೇ. ತುಂಬಿದ ಬಯಲು ರಂಗಮಂದಿರದಲ್ಲಿ 1956ರಲ್ಲಿ ಮೊದಲ ಬಹುಮಾನ ಯಾರಿಗೆ ಬಂದಿತ್ತು ಅನ್ನೋದು ಯಾರಿಗೆ ಬೇಕಿತ್ತು? ನಿಮ್ಮೂರ ಶಾಲೆಯ ಸ್ಪರ್ಧೆಗೆ ಹೋದರೆ, ಎರಡನೇ ಬಹುಮಾನ ಹಿಡಿದು ತಲೆ ತಗ್ಗಿಸಿ ನಿಂತ ಮಗುವನ್ನ ಒಂದು ಮಾತು ಆಡಿಸಿ ಬನ್ನಿ.