ಡೇವ್ ಕೇಳಿದ ಪ್ರಶ್ನೆ, ಮಸಣದ ಮಣ್ಣು

ಇವತ್ತು ಮಡಕೆ ವಿಷಯ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಅಡೆಬುನ್ಮಿ ಗ್ಬಡೆಬೊ ಅಂತ ಒಬ್ಬ ಕಪ್ಪು ಕಲಾವಿದೆ ಇದ್ದಾರೆ. 1992ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದವರು, ಮಣ್ಣಿನಲ್ಲಿ ಕೆಲಸ ಮಾಡೋ ಹೊಸ ತಲೆಮಾರಿನವರು. ಅವರು ಬಳಸೋ ಮಣ್ಣು ಎಲ್ಲಿಯದು ಗೊತ್ತಾ? ದಕ್ಷಿಣ ಕೆರೊಲಿನಾದ ಫೋರ್ಟ್ ಮೋಟ್ ಕಡೆ ಟ್ರೂ ಬ್ಲೂ ಅಂತ ಒಂದು ಪ್ಲಾಂಟೇಶನ್ ಇತ್ತು. ಅವರ ತಾಯಿ ಕಡೆಯ ಹಿರೀಕರು ಅಲ್ಲಿ ಗುಲಾಮರಾಗಿ ದುಡಿದವರು. ಆ ಹಿರೀಕರನ್ನ ಹೂತಿರೋ ಮಸಣದ ಮಣ್ಣನ್ನೇ ತಂದು, ಕಲಸಿ, ತಿಗರಿ ಇಲ್ಲದೆ ಕೈಯಲ್ಲೇ ಪಾತ್ರೆ ಕಟ್ತಾರೆ. ಕೆಲವಕ್ಕೆ ಕಪ್ಪು ಜನರ ತಲೆಗೂದಲ ಜಡೆ ಸೇರಿಸ್ತಾರೆ, ಕೆಲವಕ್ಕೆ ಗುಲಾಮರ ಬೆವರಲ್ಲಿ ಬೆಳೆದ ಕೆರೊಲಿನಾ ತಳಿಯ ಅಕ್ಕಿ. ಫೋಟೋ ನೋಡಿದಾಗ, ಸತ್ತವರೇ ಪಾತ್ರೆಯಾಗಿ ಎದ್ದು ಕೂತಿದ್ದಾರೆ ಅನ್ನಿಸ್ತು ನನಗೆ.

ಇದರ ಬೇರು ಹಳೇದು. ಅದೇ ರಾಜ್ಯದ ಎಡ್ಜ್‌ಫೀಲ್ಡ್ ಸೀಮೆಯಲ್ಲಿ ಸುಮಾರು 1801ರಲ್ಲಿ ಗುಲಾಮನಾಗಿಯೇ ಹುಟ್ಟಿದ ಡೇವ್ ಅನ್ನೋನು ಜಾಡಿ ಮಾಡ್ತಿದ್ದ. ಮಾಂಸ, ಕೊಬ್ಬು ತುಂಬಿಡೋ ದೊಡ್ಡ ದೊಡ್ಡ ಜಾಡಿಗಳು. ಹಸಿಮಣ್ಣು ಆರೋಕೆ ಮುಂಚೆ ಅದರ ಹೆಗಲ ಮೇಲೆ ತಾರೀಕು, ತನ್ನ ಹೆಸರು, ಕೆಲವು ಸಲ ಎರಡು ಸಾಲಿನ ಪದ್ಯ ಗೀಚಿಬಿಡ್ತಿದ್ದ. ತಾರೀಕು ಇರೋ ಅವನ ಮೊದಲ ಪದ್ಯ 1834ರ ಜುಲೈನದು. ಅದೇ ವರ್ಷದ ಕೊನೆಗೆ ದಕ್ಷಿಣ ಕೆರೊಲಿನಾ ಸರ್ಕಾರ ಗುಲಾಮರಿಗೆ ಓದುಬರಹ ಕಲಿಸೋದೇ ಅಪರಾಧ ಅಂತ ಕಾನೂನು ತಂತು. ಬಿಳಿಯ ಕಲಿಸಿದ್ರೆ 100 ಡಾಲರ್ ತನಕ ದಂಡ, 6 ತಿಂಗಳ ತನಕ ಜೈಲು. ಗುಲಾಮನೇ ಇನ್ನೊಬ್ಬ ಗುಲಾಮನಿಗೆ ಕಲಿಸಿದ್ರೆ? 50 ಚಾಟಿ ಏಟಿನ ತನಕ. ಶಿಕ್ಷೆಯಲ್ಲೂ ಮೇಲುಕೀಳು! ನಮಗೆ ಬಿಡಿ, ಇದು ಹೊಸದೇನಲ್ಲ.

ಡೇವ್ ಬರೆಯೋದು ಬಿಡಲಿಲ್ಲ. 1857ರ ಒಂದು ಜಾಡಿ ಮೇಲೆ, ನನ್ನ ಬಂಧುಬಳಗ ಎಲ್ಲಿ ಹೋಯ್ತು ಅಂತ ಕೇಳೋ ಪದ್ಯ ಇದೆ. ಸಂತೆಯಲ್ಲಿ ದನ ಮಾರಿದ ಹಾಗೆ ಮನುಷ್ಯರನ್ನ ಮಾರ್ತಿದ್ದ ಕಾಲ ಅದು. 1859ರಲ್ಲಿ ಸುಮಾರು 150 ಲೀಟರ್ ಹಿಡಿಯೋ ಜಾಡಿ ಎತ್ತಿ ನಿಲ್ಲಿಸಿದಾಗ ತನ್ನ ಹೆಸರಿನ ಪಕ್ಕ ಬ್ಯಾಡ್ಲರ್ ಅನ್ನೋ ಜೊತೆಗಾರನ ಹೆಸರನ್ನೂ ಬರೆದ. ನನ್ನನ್ನ ಹಿಡಿದು ನಿಲ್ಲಿಸಿದ್ದು ಇದು. ಸ್ವಂತ ಹೆಸರು ಬರೆಯೋದಕ್ಕೇ ಎದೆಗಾರಿಕೆ ಬೇಕಿದ್ದ ಜಾಗದಲ್ಲಿ ಸಂಗಾತಿಯನ್ನೂ ಮರೀಲಿಲ್ಲ. ಬಿಡುಗಡೆ ಆದಮೇಲೆ, 1870ರ ಜನಗಣತಿಯಲ್ಲಿ ಅವನ ಪೂರ್ತಿ ಹೆಸರು ದಾಖಲಾಯ್ತು: ಡೇವಿಡ್ ಡ್ರೇಕ್.

ನಮ್ಮಲ್ಲಿ ಮಡಕೆಯ ಚರಿತ್ರೆ ಬೇರೆ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಕೊರಳಿಗೆ ಮಡಕೆ ಕಟ್ಕೊಂಡು ಓಡಾಡಬೇಕಿತ್ತು, ಉಗುಳು ನೆಲಕ್ಕೆ ಬಿದ್ದು ಯಾರೋ ತುಳಿದು ಮೈಲಿಗೆ ಆಗಬಾರದಲ್ಲ ಅಂತ. ಬಾಬಾಸಾಹೇಬರು ಇದನ್ನ 1936ರ ‘ಜಾತಿ ವಿನಾಶ’ದಲ್ಲಿ ದಾಖಲಿಸಿದ್ದಾರೆ. ಉಗುಳಿಗೇ ನೆಲ ಇಲ್ಲದವರಿಗೆ ಹೆಣ ಹೂಳೋಕೆ ನೆಲ ಎಲ್ಲಿಂದ? ಇವತ್ತಿಗೂ ಎಷ್ಟೋ ಊರಿನ ಕೇರಿಯವರು ಸ್ಮಶಾನಕ್ಕೆ ಜಾಗ ಕೊಡಿ ಅಂತ ತಾಲ್ಲೂಕು ಕಚೇರಿ ಅಲೀತಿದ್ದಾರೆ. ಗ್ಬಡೆಬೊ ಮಸಣದ ಮಣ್ಣು ಮುಟ್ಟಿದಾಗ ನನಗೆ ಮೊದಲು ನೆನಪಾಗಿದ್ದು ಇದೇ.

2022ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಎಡ್ಜ್‌ಫೀಲ್ಡಿನ ಕಪ್ಪು ಕುಂಬಾರರ ಪ್ರದರ್ಶನ ಶುರುವಾಯ್ತು. ಡೇವ್‌ನ ಜಾಡಿಗಳ ಜೊತೆ ಥಿಯಾಸ್ಟರ್ ಗೇಟ್ಸ್, ಸಿಮೋನ್ ಲೀ ಥರದ ಹೆಸರಾಂತರ ಕೆಲಸ ಇತ್ತು, ಗ್ಬಡೆಬೊ ಅವರದೂ ಇತ್ತು. ಬಂಧುಬಳಗ ಎಲ್ಲಿ ಅಂತ 1857ರಲ್ಲಿ ಕೇಳಿದವನ ಪಕ್ಕದಲ್ಲಿ, ತನ್ನ ಬಂಧುಬಳಗವನ್ನ ಮಸಣದಿಂದ ಎತ್ಕೊಂಡು ಬಂದವಳು.

ಇನ್ನೊಂದು ಮಾತು. 2021ರಲ್ಲಿ ಡೇವ್‌ನ ಒಂದು ಜಾಡಿ 15 ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯ್ತು. ಅವನಿಗೆ ಕೂಲಿ ಎಷ್ಟು ಸಿಕ್ಕಿರಬಹುದು ಅಂತ ನೀವೇ ಲೆಕ್ಕ ಹಾಕಿ. ಆದ್ರೆ 2025ರಲ್ಲಿ ಬಾಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಂ ತನ್ನ ಹತ್ತಿರ ಇದ್ದ ಎರಡು ಜಾಡಿಗಳು ಡೇವ್‌ನ ವಂಶದವರಿಗೆ ಸೇರಬೇಕಾದವು ಅಂತ ಒಪ್ಕೊಂಡು ಅವರಿಗೆ ವಾಪಸ್ ಬಿಟ್ಕೊಡ್ತು. ಆಮೇಲೆ ಅದರಲ್ಲಿ ಒಂದನ್ನ ದುಡ್ಡು ಕೊಟ್ಟು ಅವರಿಂದಲೇ ಮತ್ತೆ ಕೊಂಡ್ಕೊಳ್ತು.